ಅಂಚೆಯಲ್ಲಿ ಬರುವ ಬೇಸ್‌ಬಾಲ್ ಸಹಿಗಳು: ನನ್ನ ಅನುಭವ

ಅಮೆರಿಕದಲ್ಲಿ ನಾನಿರುವ ಮಿನೆಸೋಟಾ ರಾಜ್ಯದಲ್ಲಿ 1987ರ ಟ್ವಿನ್ಸ್ ಬೇಸ್‌ಬಾಲ್ ತಂಡದ ಹೆಸರೆತ್ತಿದರೆ ಈಗಲೂ ಜನರ ಮುಖ ಅರಳುತ್ತದೆ. ಆ ವರ್ಷ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡವನ್ನು ಏಳನೇ ಪಂದ್ಯದಲ್ಲಿ ಸೋಲಿಸಿ, ಮಿನೆಸೋಟಾಕ್ಕೆ ಮೊದಲ ವರ್ಲ್ಡ್ ಸೀರೀಸ್ (ಅಮೆರಿಕದ ಬೇಸ್‌ಬಾಲ್‌ನ ಅಂತಿಮ ಸರಣಿ) ಗೆಲುವು ತಂದುಕೊಟ್ಟವರು ಅವರು. ಟಾಪ್ಸ್ ಕಂಪನಿ ಅದೇ ವರ್ಷ ಮುದ್ರಿಸಿದ, ಆಟಗಾರರ ಚಿತ್ರವಿರುವ ಕಾರ್ಡುಗಳನ್ನು ಅವರಿಗೇ ಅಂಚೆಯಲ್ಲಿ ಕಳಿಸಿ ಸಹಿ ಹಾಕಿಸಿಕೊಳ್ಳುವುದು ನಾನು ಹಿಡಿದ ಕೆಲಸ.

1987ರ ಟಾಪ್ಸ್ ಸೆಟ್‌ನಲ್ಲಿ 792 ಕಾರ್ಡುಗಳಿವೆ. ಸುತ್ತ ಮರದ ಹಲಗೆಯಂಥ ಕಂದು ಅಂಚು. ಆಗ ವಿಪರೀತ ಮುದ್ರಿಸಿದ್ದರಿಂದ ಹೆಚ್ಚಿನವು ಇವತ್ತಿಗೂ ಚಿಲ್ಲರೆ ಕಾಸಿಗೆ ಸಿಗುತ್ತವೆ. ಅಂಚೆಯಲ್ಲಿ ಕಳೆದುಹೋದರೂ ಹೊಟ್ಟೆ ಉರಿಯುವುದಿಲ್ಲ. ರಟ್ಟಿಗೆ ಹೊಳಪಿನ ಲೇಪ ಇಲ್ಲದ್ದರಿಂದ ಶಾರ್ಪಿ ಮಾರ್ಕರ್ ಪೆನ್ನಿನ ಶಾಯಿ ಚೆನ್ನಾಗಿ ಹಿಡಿಯುತ್ತದೆ. ಮುಂದೆ ಬಂದ ನುಣುಪು ಕಾರ್ಡುಗಳಲ್ಲಿ ಶಾಯಿ ಗುಳ್ಳೆಗುಳ್ಳೆಯಾಗಿ ನಿಲ್ಲುತ್ತದೆ. ಅಂಥವನ್ನು ಕಳಿಸುವ ಮೊದಲು ಚಿಟಿಕೆ ಬೇಬಿ ಪೌಡರ್ ಹಾಕಿ, ಮೆತ್ತನೆ ಬಟ್ಟೆಯಿಂದ ಹಗುರವಾಗಿ ಉಜ್ಜಿ, ಪೂರ್ತಿ ಒರೆಸುತ್ತೇನೆ.

ಕಾರ್ಡಿಗಿಂತ ಹೆಚ್ಚು ಹೊತ್ತು ಹಿಡಿಯುವುದು ಪತ್ರ. ಕೈಬರಹದಲ್ಲೇ ಬರೆಯುತ್ತೇನೆ, ಒಂದು ಪುಟ ಮೀರುವುದಿಲ್ಲ. ಕಾರ್ಡಿನ ಹಿಂಬದಿಯಲ್ಲಿ ವರ್ಷವಾರು ಅಂಕಿಅಂಶ ಇರುತ್ತದಲ್ಲ, ಅದನ್ನು ಓದಿ, ಅವರ ಆಟದ ಬಗ್ಗೆ ನಿಜವಾಗಿ ತಿಳಿಯಬೇಕೆನಿಸಿದ್ದನ್ನು ಕೇಳುತ್ತೇನೆ. 'ನಾನು ನಿಮ್ಮ ದೊಡ್ಡ ಅಭಿಮಾನಿ' ಎಂಬ ಸಾಲು ಅವರಿಗೆ ಸಾವಿರಾರು ಸಲ ಬಂದಿರುತ್ತದೆ. ಒಂದು ಪತ್ರಕ್ಕೆ ಎರಡು ಕಾರ್ಡು ಸಾಕು. ಸಹಿಯ ಜೊತೆ ನನ್ನ ಹೆಸರನ್ನೂ ಬರೆಯಿರಿ ಎಂದು ಕೋರಿದರೆ ಇವನು ಮಾರುವವನಲ್ಲ ಎಂದು ಅವರಿಗೂ ನಂಬಿಕೆ ಬರುತ್ತದೆ.

ಮರಳಿ ಕಳಿಸಲು ನನ್ನ ವಿಳಾಸ ಬರೆದ ಲಕೋಟೆಯನ್ನೂ ಒಳಗಿಡುತ್ತೇನೆ. ಅದಕ್ಕೆ ಅಮೆರಿಕದ 'ಫಾರೆವರ್' ಅಂಚೆಚೀಟಿಯೇ ಆಗಬೇಕು. ದರ ಏರಿದರೂ ಅದು ನಡೆಯುತ್ತದೆ, ಉತ್ತರ ವರ್ಷಗಟ್ಟಲೆ ತಡವಾದರೂ ಚಿಂತೆಯಿಲ್ಲ. ಕಾರ್ಡು ಮಡಚದಿರಲೆಂದು ದಪ್ಪ ರಟ್ಟು ತುರುಕಿದರೆ ಲಕೋಟೆ ಅಂಚೆ ವಿಂಗಡಿಸುವ ಯಂತ್ರದಲ್ಲಿ ಬಾಗದೆ ಹೆಚ್ಚುವರಿ ಶುಲ್ಕ ಬೀಳುತ್ತದೆ. ತೆಳು ರಟ್ಟು ಸಾಕು.

ಹೆಸರಾಂತರಿಗಿಂತ ಎರಡು ಮೂರು ಸೀಸನ್ ಆಡಿ ಮರೆಯಾದವರ ಉತ್ತರಗಳೇ ನನಗೆ ಹೆಚ್ಚು ಪ್ರಿಯ. ನಾನು ಬೆಂಗಳೂರಿನಲ್ಲಿ ಕ್ರಿಕೆಟ್ ನೋಡಿ ಬೆಳೆದವನೆಂದು ಒಬ್ಬ ರಿಲೀಫ್ ಪಿಚರ್‌ಗೆ (ಪಂದ್ಯದ ನಡುವೆ ಬದಲಿಯಾಗಿ ಬಂದು ಚೆಂಡೆಸೆಯುವವರು) ಬರೆದಿದ್ದೆ. ಅವರು ಕಾರ್ಡಿಗೆ ಸಹಿ ಹಾಕಿ, ನನ್ನ ಪತ್ರದ ಹಿಂಬದಿಯಲ್ಲೇ ತಮ್ಮ ಸಿಂಕರ್‌ಗೆ, ಅಂದರೆ ಕೊನೆಯಲ್ಲಿ ಕೆಳಗಿಳಿಯುವ ಎಸೆತಕ್ಕೆ, ಚೆಂಡಿನ ಹೊಲಿಗೆಯ ಮೇಲೆ ಎರಡು ಬೆರಳು ಹೇಗಿಡುತ್ತಿದ್ದರೆಂದು ಚಿತ್ರ ಬಿಡಿಸಿದ್ದರು. ಕೆಳಗೆ ಒಂದು ಪ್ರಶ್ನೆ: 'ನಿಮ್ಮ ಬೌಲರುಗಳು ಹೊಲಿಗೆಯನ್ನು ಹೇಗೆ ಹಿಡಿಯುತ್ತಾರೆ?' ಔಟ್‌ಸ್ವಿಂಗರ್ ಹಿಡಿತದ ಚಿತ್ರ ಬರೆದು ಮಾರನೆಯ ದಿನವೇ ಕಳಿಸಿದೆ.

ಸಹಿಯ ಅಂದದ ವಿಷಯಕ್ಕೆ ಬಂದರೆ, 573 ಹೋಮ್ ರನ್ ಹೊಡೆದ ಟ್ವಿನ್ಸ್‌ನ ಹಳೆಯ ಆಟಗಾರ ಹಾರ್ಮನ್ ಕಿಲ್ಲಬ್ರೂ ಅವರನ್ನು ನೆನೆಯಲೇಬೇಕು. ತಂಡದ ಕಿರಿಯ ಆಟಗಾರರಿಗೆ ಅವರು ಓದಲು ಬರುವಂತೆ ಸಹಿ ಹಾಕಬೇಕೆಂದು ತಿದ್ದುತ್ತಿದ್ದರು. ಅವರ ಸಹಿಯಲ್ಲಿ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕಾಣುತ್ತದೆ.

1987ರ ತಂಡದ ಕರ್ಬಿ ಪಕೆಟ್ 2006ರಲ್ಲೇ ತೀರಿಕೊಂಡಿದ್ದರಿಂದ ಅವರ ಸಹಿಯನ್ನು ಮಾತ್ರ ಕೊಂಡೆ. ಕೊಳ್ಳುವಾಗ ಎಚ್ಚರ ಬೇಕು. 1990ರ ದಶಕದ ಕೊನೆಯಲ್ಲಿ ಎಫ್‌ಬಿಐ ನಡೆಸಿದ 'ಆಪರೇಷನ್ ಬುಲ್‌ಪೆನ್' ತನಿಖೆ ನಕಲಿ ಸಹಿಗಳ ದೊಡ್ಡ ಜಾಲವನ್ನೇ ಬಯಲಿಗೆಳೆಯಿತು. ಹಾಗಾಗಿ ಸಹಿಯ ಅಸಲಿತನ ನೋಡುವ ಸಂಸ್ಥೆಗಳಾದ ಪಿಎಸ್‌ಎ, ಜೆಎಸ್‌ಎ ಅಥವಾ ಬೆಕೆಟ್ ಪರಿಶೀಲಿಸಿದ್ದಾದರೆ ಮಾತ್ರ ದುಡ್ಡು ಬಿಚ್ಚುತ್ತೇನೆ.

ಬಂದ ಕಾರ್ಡುಗಳು ಪ್ಲಾಸ್ಟಿಕ್ ಸ್ಲೀವಿಗೆ ಸೇರಿ, ಕತ್ತಲ ಡಬ್ಬಿಗೆ ಹೋಗುತ್ತವೆ. ಬಿಸಿಲು ಬಿದ್ದರೆ ನೀಲಿ ಶಾಯಿ ಮಂಕಾಗುತ್ತದೆ. ಇನ್ನೂ ಕೆಲವರ ಉತ್ತರ ಬರಬೇಕಿದೆ. ಈ ನಡುವೆ, ಅಟ್ಲಾಂಟಾ ಬ್ರೇವ್ಸ್ ತಂಡವನ್ನು ಮಣಿಸಿದ 1991ರ ಟ್ವಿನ್ಸ್ ಕಾರ್ಡುಗಳನ್ನೂ ಒಟ್ಟುಮಾಡತೊಡಗಿದ್ದೇನೆ. ಕೊನೆಯ ಪಂದ್ಯದಲ್ಲಿ ಹತ್ತು ಇನ್ನಿಂಗ್ಸ್ ಒಬ್ಬರೇ ಎಸೆದು 1-0 ಗೆಲುವು ತಂದ ಜ್ಯಾಕ್ ಮಾರಿಸ್ ಅವರಿಗೆ ಪತ್ರ ಬರೆಯುತ್ತಿದ್ದೇನೆ. ಏನು ಕೇಳಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲ.