ಇಂಗ್ಲಿಷ್ ಪದದೊಳಗಿನ ಅರಬ್ಬಿ: ನಾನು ಜಾಡು ಹಿಡಿಯುವ ಕ್ರಮ

ಇಂಗ್ಲಿಷಿನ ಒಂದು ಪದ ಅರಬ್ಬಿಯಿಂದ ಬಂದದ್ದೇ ಎಂದು ಪರೀಕ್ಷಿಸುವಾಗ ನಾನು ಅರಬ್ಬಿ ನಿಘಂಟನ್ನು ಕೊನೆಗೆ ತೆರೆಯುತ್ತೇನೆ. ಮೊದಲು ನೋಡುವುದು ಆ ಪದದ ಸ್ಪ್ಯಾನಿಷ್ ಮತ್ತು ಇಟಾಲಿಯನ್ ರೂಪಗಳನ್ನು. ಅರಬ್ಬಿ ಪದಗಳು ಇಂಗ್ಲಿಷಿಗೆ ನೇರವಾಗಿ ಹೋದದ್ದು ಕಡಿಮೆ. ಸ್ಪೇನ್, ಸಿಸಿಲಿ, ವೆನಿಸ್, ಜಿನೋವಾಗಳ ಮೂಲಕ ಯುರೋಪಿಗೆ ಹೊಕ್ಕು, ಲ್ಯಾಟಿನ್ನಿನಲ್ಲೋ ಫ್ರೆಂಚಿನಲ್ಲೋ ಪಳಗಿ, ಆಮೇಲೆ ಇಂಗ್ಲಿಷಿಗೆ ಇಳಿದವೇ ಹೆಚ್ಚು. ಯಾವ ಬಾಗಿಲಿನಿಂದ ಬಂತು ಎಂಬ ಗುರುತು ಎಷ್ಟೋ ಸಲ ಪದದ ಮೈಮೇಲೇ ಉಳಿದಿರುತ್ತದೆ.

ಹತ್ತಿಯನ್ನೇ ನೋಡಿ. ಅರಬ್ಬಿಯಲ್ಲಿ ‘ಕುತ್ನ್’. ಸ್ಪ್ಯಾನಿಷಿನಲ್ಲಿ ‘ಅಲ್ಗೊದೋನ್’, ಇಟಾಲಿಯನ್ನಿನಲ್ಲಿ ‘ಕೊತೋನೆ’. ಸಕ್ಕರೆಗೆ ಅರಬ್ಬಿಯಲ್ಲಿ ‘ಸುಕ್ಕರ್’. ಸ್ಪ್ಯಾನಿಷಿನಲ್ಲಿ ‘ಅಸೂಕರ್’, ಇಟಾಲಿಯನ್ನಿನಲ್ಲಿ ‘ತ್ಸುಕ್ಕೆರೊ’. ಅರಬ್ಬಿಯಲ್ಲಿ ‘ಅಲ್’ ಎಂಬುದು ನಾಮಪದದ ಮೊದಲಿಗೆ ಅಂಟುವ ನಿರ್ದೇಶಕ, ಇಂಗ್ಲಿಷಿನ ‘ದಿ’ ಇದ್ದ ಹಾಗೆ. ಸ್ಪೇನಿನವರು ಅದನ್ನು ಪದದ ಭಾಗವೆಂದೇ ಸೇರಿಸಿ ಹೇಳಿದರು, ಇಟಲಿಯವರು ಬಿಟ್ಟು ಹೇಳಿದರು. ಇಂಗ್ಲಿಷಿನ ಕಾಟನ್, ಶುಗರ್‌ಗಳಲ್ಲಿ ‘ಅಲ್’ ಇಲ್ಲ. ಅವು ಇಟಲಿ-ಫ್ರಾನ್ಸ್ ದಾರಿಯವು. ಆಲ್ಕೋವ್, ಆಲ್ಜೀಬ್ರಾಗಳಲ್ಲಿ ಇದೆ. ಅವು ಸ್ಪೇನಿನ ದಾರಿಯವು. ಅಲ್-ಖ್ವಾರಿಜ್ಮಿಯ ಬೀಜಗಣಿತವನ್ನು ಚೆಸ್ಟರ್‌ನ ರಾಬರ್ಟ್ ಲ್ಯಾಟಿನ್ನಿಗೆ ತಂದದ್ದು ಸ್ಪೇನಿನ ಸೆಗೋವಿಯಾದಲ್ಲಿ, 1145ರಲ್ಲಿ. ಆ ಗಣಿತಜ್ಞನ ಹೆಸರೇ ಸವೆದು ‘ಆಲ್ಗರಿದಮ್’ ಆಯಿತು.

‘ಅಲ್’ ಯಾವಾಗಲೂ ‘ಅಲ್’ ಆಗಿಯೇ ಕಾಣುವುದಿಲ್ಲ. ಅರಬ್ಬಿಯ 28 ಅಕ್ಷರಗಳಲ್ಲಿ 14 ‘ಸೂರ್ಯಾಕ್ಷರ’ಗಳು. ಅವುಗಳ ಎದುರು ಬಂದ ‘ಲ್’, ಸತ್+ಜನ ಸಜ್ಜನವಾಗುವ ಹಾಗೆ, ಮುಂದಿನ ಅಕ್ಷರವೇ ಆಗಿಬಿಡುತ್ತದೆ. ‘ಅಲ್-ಸುಮೂತ್’ ಎಂದು ಬರೆದರೂ ಓದುವುದು ‘ಅಸ್-ಸುಮೂತ್’. ಸರ್ವೇಯವರು ದಿಕ್ಕಿನ ಕೋನಕ್ಕೆ ಬಳಸುವ ‘ಅಜಿಮತ್’ ಅದೇ. ಹಸಿ ಇಟ್ಟಿಗೆಯ ‘ಅಡೋಬಿ’ ಎಂದರೆ ‘ಅತ್-ತೂಬ್’. ಹಾಗಾಗಿ ಪದದ ಮೊದಲಲ್ಲಿ ಅಸ್, ಅಜ್, ಅಡ್ ಇದ್ದರೂ ಅನುಮಾನಿಸಬೇಕು. ಬಾಲವನ್ನೂ ನೋಡಬೇಕು. ‘ಅಡ್ಮಿರಲ್’ನ ಕೊನೆಯ ‘ಅಲ್’ ಇದೇ ನಿರ್ದೇಶಕ: ‘ಅಮೀರ್ ಅಲ್-’ ಎಂದು ಶುರುವಾಗುವ ಪದವಿಗಳಲ್ಲಿ ಮುಂದಿನ ಪದ ಉದುರಿ ಇಷ್ಟು ಉಳಿಯಿತು. ನಡುವಿನ ‘ಡ್’ ಅರಬ್ಬಿಯದಲ್ಲ, ‘ಮೆಚ್ಚತಕ್ಕ’ ಎಂಬರ್ಥದ ಲ್ಯಾಟಿನ್ ಪದದ ಸಹವಾಸದಿಂದ ಸೇರಿಕೊಂಡದ್ದು.

‘ಅಲ್’ ಕಂಡಲ್ಲೆಲ್ಲ ಅರಬ್ಬಿ ಎನ್ನುವುದೂ ತಪ್ಪು. ‘ಅಲಿಗೇಟರ್’ ಸ್ಪ್ಯಾನಿಷಿನ ‘ಎಲ್ ಲಗಾರ್ತೊ’, ಅಂದರೆ ಹಲ್ಲಿಜಾತಿಯ ಪ್ರಾಣಿ. ಅಲ್ಲಿನ ‘ಎಲ್’ ಲ್ಯಾಟಿನ್ ಮೂಲದ್ದು. ‘ಅಲಾರಂ’ ಇಟಾಲಿಯನ್ನಿನ ‘ಆಯುಧ ಹಿಡಿಯಿರಿ’ ಎಂಬ ಕೂಗು.

ದಾರಿ ಗೊತ್ತಾದ ಮೇಲೆ ಧಾತು. ಲೇನ್ ಅವರ ದೊಡ್ಡ ಕೋಶವಾಗಲಿ ಹ್ಯಾನ್ಸ್ ವೇರ್ ನಿಘಂಟಾಗಲಿ ಅಕಾರಾದಿಯಲ್ಲಿ ಪದಗಳನ್ನು ಜೋಡಿಸಿಲ್ಲ, ಧಾತುಗಳನ್ನು ಜೋಡಿಸಿವೆ. ಧಾತು ಸಾಮಾನ್ಯವಾಗಿ ಮೂರು ವ್ಯಂಜನ. ‘ಅಲ್’ ತೆಗೆಯಿರಿ, ಸ್ವರಗಳನ್ನು ಬದಿಗಿಡಿ, ಮೊದಲಲ್ಲಿ ‘ಮ’ ಅಥವಾ ‘ತ’ ಇದ್ದರೆ ಅದು ಪ್ರತ್ಯಯವೇ ಎಂದು ನೋಡಿ. ‘ಮ’ ಹೆಚ್ಚಾಗಿ ಸ್ಥಳ ಹೇಳುತ್ತದೆ. ‘ಮ್ಯಾಗಜೀನ್’ ಹುಡುಕಲು ಮ ವರ್ಗಕ್ಕೆ ಹೋದರೆ ಏನೂ ಸಿಗುವುದಿಲ್ಲ. ಅದು ‘ಮಖಾಜಿನ್’, ‘ಮಖ್ಜನ್’ ಎಂಬುದರ ಬಹುವಚನ. ‘ಮ’ ತೆಗೆದರೆ ಖ-ಜ-ನ: ಕೂಡಿಡು. ಮಖ್ಜನ್ ಎಂದರೆ ಉಗ್ರಾಣ. ನಮ್ಮ ‘ಖಜಾನೆ’ಯೂ ಇದೇ ಧಾತುವಿನದು. ಬಂದೂಕಿನ ಮ್ಯಾಗಜೀನ್ ಹಳೆಯ ಅರ್ಥವನ್ನು ಬಿಟ್ಟುಕೊಟ್ಟಿಲ್ಲ. ಓದುವ ಮ್ಯಾಗಜೀನ್‌ಗೆ ಆ ಹೆಸರು ಅಂಟಿದ್ದು 1731ರಲ್ಲಿ ಲಂಡನ್ನಿನಲ್ಲಿ ಶುರುವಾದ ‘ಜಂಟಲ್‌ಮನ್ಸ್ ಮ್ಯಾಗಜೀನ್’ನಿಂದ, ಬರಹಗಳ ಉಗ್ರಾಣ ಎಂಬ ಭಾವದಲ್ಲಿ. ‘ಟ್ಯಾರಿಫ್’ ಕೂಡ ಹೀಗೆಯೇ: ‘ತಅರೀಫ್’ನ ‘ತ’ ತೆಗೆದರೆ ‘ತಿಳಿ’ ಎಂಬರ್ಥದ ಅ-ರ-ಫ. ‘ಮಾರಫತ್’ ಎಂದು ಹಳೆಯ ಪತ್ರಗಳ ವಿಳಾಸದಲ್ಲಿ ಬರೆಯುತ್ತಿದ್ದೆವಲ್ಲ, ಅದೂ ಈ ಮನೆಯದೇ.

ಕನ್ನಡ ಬಲ್ಲವರಿಗೆ ಈ ಕೆಲಸದಲ್ಲಿ ಒಂದು ಅನುಕೂಲವಿದೆ. ಅದೇ ಅರಬ್ಬಿ ಪದಗಳು ಪರ್ಷಿಯನ್, ದಖನಿ, ಮರಾಠಿಗಳ ದಾರಿಯಲ್ಲಿ ನಮ್ಮ ಕಚೇರಿ, ಸಂತೆ, ಅಡುಗೆಮನೆಗಳಿಗೂ ಬಂದಿವೆ. ಶ-ರ-ಬ ಎಂದರೆ ಕುಡಿ. ಅರಬ್ಬಿಯ ‘ಶರಾಬ್’ ಎಂದರೆ ಯಾವುದೇ ಪಾನೀಯ. ಅದು ವೈದ್ಯರ ಲ್ಯಾಟಿನ್ನಿನಲ್ಲಿ ‘ಸಿರೂಪಸ್’ ಆಗಿ ಇಂಗ್ಲಿಷಿನಲ್ಲಿ ‘ಸಿರಪ್’ ಆಯಿತು; ಕನ್ನಡದಲ್ಲಿ ‘ಶರಾಬು’ ಆಗಿ ಹೆಂಡದಂಗಡಿಗೆ ಹೋಯಿತು. ಅದೇ ಧಾತುವಿನಿಂದ ತುರ್ಕಿ, ಪರ್ಷಿಯನ್‌ಗಳಲ್ಲಿ ‘ಶರಬತ್’. ಅದನ್ನು ಇಂಗ್ಲಿಷರು ‘ಶರ್ಬೆಟ್’ ಎಂದು ಒಮ್ಮೆ, ಇಟಲಿ-ಫ್ರಾನ್ಸ್ ಸುತ್ತಿಸಿ ‘ಸೋರ್ಬೆ’ ಎಂದು ಇನ್ನೊಮ್ಮೆ ಪಡೆದರು. ನಮಗೆ ‘ಶರಬತ್ತು’ ಒಂದೇ ಸಾಕಾಯಿತು.

ಆದರೆ ಕನ್ನಡದಿಂದ ಹಿಂದಕ್ಕೆ ನಡೆಯುವಾಗ ಎಡವುವ ಜಾಗ ‘ಜ’. ಅರಬ್ಬಿಯ ಐದು ಬೇರೆ ಬೇರೆ ಅಕ್ಷರಗಳು (ಜೀಮ್, ದಾಲ್‌ನ ಮೇಲೆ ಚುಕ್ಕೆಯಿರುವ ಧಾಲ್, ಜಾಯ್, ದಾದ್, ಜಾ) ಕನ್ನಡಕ್ಕೆ ಬರುವಷ್ಟರಲ್ಲಿ ಒಂದೇ ‘ಜ’ ಆಗಿವೆ. ಜವಾಬಿನದು ಜೀಮ್, ಜಕಾತಿಯದು ಜಾಯ್, ಜಾಹೀರಿನದು ಜಾ. ಅರ್ಜಿ, ಹಾಜರಿ, ಜಾಮೀನು, ಜಪ್ತಿ, ಮಾಜಿ, ಜಿಲ್ಲೆ ಇವೆಲ್ಲ ದಾದ್. ‘ನಜರು’ ಇದರ ಪರಮಾವಧಿ. ದಸರಾ ದರ್ಬಾರಿನಲ್ಲಿ ಮಹಾರಾಜರಿಗೆ ಒಪ್ಪಿಸುತ್ತಿದ್ದ ನಜರು ಧಾಲ್‌ನದು, ಹರಕೆ-ಕಾಣಿಕೆಯ ಧಾತು, ನಜರಾಣೆಯೂ ಅದೇ. ಕಣ್ಣಿಡುವ ನಜರು ಜಾ ಅಕ್ಷರದ್ದು, ನೋಡು ಎಂಬ ಧಾತು. ಇಂಗ್ಲಿಷಿನ ‘ನೇಡಿರ್’ (ಕಾಲಡಿಯ ಆಕಾಶಬಿಂದು) ‘ಎದುರಾದದ್ದು’ ಎಂಬ ಅರ್ಥದ ‘ನಜೀರ್’ನಿಂದ ಬಂದದ್ದು, ಅದು ಎರಡನೆಯ ನಜರಿನ ಸಂಬಂಧಿ. ಕಾಣಿಕೆಯ ನಜರಿಗೆ ಅದನ್ನು ಕಟ್ಟಿದರೆ ಇಡೀ ವಾದ ಕುಸಿಯುತ್ತದೆ. ಅರಬ್ಬಿ ಲಿಪಿಯಲ್ಲಿ ಒಮ್ಮೆ ಬರೆದು ನೋಡದೆ ಯಾವ ‘ಜ’ವನ್ನೂ ನಾನು ನಂಬುವುದಿಲ್ಲ.

ಸ್ಪೇನಿನ ದಾರಿಯಲ್ಲಿ ಇದೇ ದಾದ್ ಬೇರೆ ಗತಿ ಕಂಡಿತು. ‘ಅಲ್-ಕಾದೀ’ ಅಲ್ಲಿ ‘ಅಲ್ಕಾಲ್ದೆ’ ಆಯಿತು, ದಾದ್ ಜಾಗದಲ್ಲಿ ‘ಲ್ದ’. ನಮ್ಮಲ್ಲಿ ಅದೇ ಮನುಷ್ಯ ‘ಖಾಜಿ’. ಮಿಕ್ಕ ಧ್ವನಿಗಳನ್ನು ಬೇಗ ಹೇಳಿ ಮುಗಿಸಬಹುದು: ಗಂಟಲಿನ ‘ಐನ್’ ಯುರೋಪಿನಲ್ಲಿ ಸುಮ್ಮನೆ ಬಿದ್ದುಹೋಗುತ್ತದೆ, ಖಾ ‘ಕ’ವೋ ‘ಗ’ವೋ ಆಗುತ್ತದೆ, ಅರಬ್ಬಿಯ ಎರಡು ಬಗೆಯ ಕಾಫ್‌ಗಳೂ ಹೆಚ್ಚಾಗಿ ‘ಕ’. ‘ಅವರೇಜ್’ನ ಮೂಲ ‘ಅವಾರ್’ ಐನ್‌ನಿಂದ ಶುರುವಾಗುವ ಪದ. ಸರಕಿಗೆ ಆದ ಹಾನಿ ಎಂದರ್ಥ. ಇಟಲಿಯ ಬಂದರುಗಳಲ್ಲಿ ‘ಅವರೀಯ’ ಆಗಿ, ಸಮುದ್ರದಲ್ಲಿ ಆದ ನಷ್ಟವನ್ನು ವರ್ತಕರು ಪಾಲು ಹಾಕಿಕೊಳ್ಳುವ ಲೆಕ್ಕಕ್ಕೆ ಹೆಸರಾಯಿತು. ಸರಾಸರಿ ಎಂಬ ಅರ್ಥ ಆಮೇಲಿನದು. ಹಡಗು ವಿಮೆಯ ಕಾಗದಗಳಲ್ಲಿ ‘ಜನರಲ್ ಅವರೇಜ್’ ಇಂದಿಗೂ ನಷ್ಟದ ಪಾಲೇ.

ಕೆಲವು ಪದಗಳು ಯಾವ ಧ್ವನಿನಿಯಮಕ್ಕೂ ಬಗ್ಗುವುದಿಲ್ಲ. ಆಗ ಕಿವಿ ಬಿಟ್ಟು ಕಣ್ಣಿನ ಕಡೆ ನೋಡಬೇಕು, ತಪ್ಪು ಓದುವಿಕೆ ಇರಬಹುದು. ‘ಜೆನಿತ್’ (ನೆತ್ತಿಯ ಮೇಲಿನ ಆಕಾಶಬಿಂದು) ಪದದ ಮೂಲ ‘ಸಮ್ತ್’, ತಲೆಯ ಮೇಲಿನ ದಾರಿ. ‘ಮ’ ಎಲ್ಲಿ ಹೋಯಿತು? ಮಧ್ಯಯುಗದ ಲ್ಯಾಟಿನ್ ಬರವಣಿಗೆಯಲ್ಲಿ ‘ಎಂ’ ಎಂದರೆ ಮೂರು ನೆಟ್ಟನೆಯ ಗೀಟು. ‘ಎನ್’ ಎರಡು ಗೀಟು, ‘ಐ’ ಒಂದು ಗೀಟು. ‘ಐ’ ಮೇಲೆ ಚುಕ್ಕೆ ಇಡುವ ಪದ್ಧತಿ ನೆಲೆಯಾಗಿರಲಿಲ್ಲ. ನಕಲುಗಾರ ಮೂರು ಗೀಟನ್ನು ‘ನಿ’ ಎಂದು ಓದಿದ. ಮೃಗಶಿರದ ಪಕ್ಕದ ಕೆಂಪು ನಕ್ಷತ್ರ ಬೀಟಲ್‌ಜ್ಯೂಸ್ ಮೂಲದಲ್ಲಿ ‘ಯದ್ ಅಲ್-ಜೌಜಾ’, ಜೌಜಾಳ (ಆ ನಕ್ಷತ್ರಪುಂಜಕ್ಕೆ ಅರಬ್ಬರ ಹೆಸರು) ಕೈ. ಅರಬ್ಬಿಯಲ್ಲಿ ಪದಾರಂಭದ ‘ಯ’ ಮತ್ತು ‘ಬ’ಗಳ ಆಕಾರ ಒಂದೇ, ಕೆಳಗೆ ಎರಡು ಚುಕ್ಕೆಯಿದ್ದರೆ ಯ, ಒಂದಿದ್ದರೆ ಬ. ಒಂದು ಚುಕ್ಕೆ ಕಳೆದು ಕೈ ‘ಬೀ’ ಆಯಿತು.

ತ್ರಿಕೋನಮಿತಿಯ ‘ಸೈನ್’ ನಮ್ಮ ದೇಶದಿಂದಲೇ ಹೊರಟ ಪದ. ಬಿಲ್ಲಿನ ಹೆದೆ ಎಂಬರ್ಥದ ‘ಜ್ಯಾ’, ‘ಜೀವಾ’ಗಳನ್ನು ಅರಬ್ಬಿಯವರು ‘ಜೀಬ’ ಎಂದು ಧ್ವನಿಗೆ ತಕ್ಕಂತೆ ಬರೆದುಕೊಂಡರು. ಬರೆದದ್ದು ಜ-ಯ-ಬ ಮಾತ್ರ. ಆ ಮೂರು ಅಕ್ಷರವನ್ನು ‘ಜೈಬ್’ ಎಂದು ಓದಿದರೆ ಅಂಗಿಯ ಎದೆಮಡಿಕೆ. 12ನೇ ಶತಮಾನದ ಅನುವಾದಕರು ಹಾಗೇ ಓದಿ, ಮಡಿಕೆಗೆ ಲ್ಯಾಟಿನ್ನಿನ ‘ಸಿನುಸ್’ ಹಾಕಿದರು. ಆ ಜೈಬ್ ಕನ್ನಡದಲ್ಲಿ ‘ಜೇಬು’.

ಇಂಥ ಪದಗಳಲ್ಲಿ ‘ಅರಬ್ಬಿ ಮೂಲ’ ಎಂದು ಬರೆದು ನಿಲ್ಲಿಸುವುದು ಅರ್ಧ ಕೆಲಸ. ಶುಗರ್ ಸಂಸ್ಕೃತದ ಶರ್ಕರಾ, ಕ್ಯಾಂಡಿ ಖಂಡ, ಆರೆಂಜ್ ನಾರಂಗ; ಸೈಫರ್, ಜೀರೋ ಎರಡೂ ‘ಸಿಫ್ರ್’ನಿಂದ, ಅದು ಶೂನ್ಯ ಎಂಬುದರ ಅರ್ಥಾನುವಾದ. ಎಲಿಕ್ಸಿರ್, ಚಿನ್ನ-ವಜ್ರದ ಕ್ಯಾರೆಟ್‌ಗಳು ಗ್ರೀಕಿನಿಂದ ಅರಬ್ಬಿಗೆ ಬಂದವು. ಏಪ್ರಿಕಾಟ್ ಇನ್ನೂ ವಿಚಿತ್ರ: ಲ್ಯಾಟಿನ್ನಿನ ‘ಬೇಗ ಮಾಗುವ’ ಎಂಬ ಪದ ಗ್ರೀಕಿಗೆ, ಅಲ್ಲಿಂದ ಅರಬ್ಬಿಗೆ ‘ಬರ್ಕೂಕ್’ ಆಗಿ, ‘ಅಲ್’ ಸಮೇತ ಸ್ಪೇನ್-ಪೋರ್ಚುಗಲ್ಲಿಗೆ, ಕೊನೆಗೆ ಇಂಗ್ಲಿಷಿಗೆ. ಇಂದಿನ ಅರಬ್ಬಿ ನಿಘಂಟು ನೋಡಿದರೆ ಬರ್ಕೂಕ್‌ಗೆ ಪ್ಲಮ್ ಎಂಬ ಅರ್ಥ ಸಿಗುತ್ತದೆ, ಏಪ್ರಿಕಾಟ್‌ಗೆ ‘ಮಿಶ್ಮಿಶ್’ ಎಂದಿರುತ್ತದೆ. ಅರ್ಥ ಕೂಡುವುದಿಲ್ಲವೆಂದು ಕೈಬಿಡಬಾರದು. ಸಾಲ ಹೋದ ಕಾಲದ ಅರ್ಥ ಬೇಕು.

ವಾಟ್ಸ್ಯಾಪ್‌ನಲ್ಲಿ ಓಡಾಡುವ ಪಟ್ಟಿಗಳಿಗೆ ನನ್ನ ಪರೀಕ್ಷೆ ಸರಳ. ‘ಅರ್ಥ್’ ಅರಬ್ಬಿಯ ‘ಅರ್ದ್’ನಿಂದ ಬಂತು ಎನ್ನುತ್ತಾರೆ. ಜರ್ಮನ್ನಿನಲ್ಲಿ ‘ಎರ್ಡೆ’, ಡಚ್ಚಿನಲ್ಲಿ ‘ಆರ್ಡೆ’ ಇದೆ. ಆ ಕುಟುಂಬದ ಮನೆಮಾತು ಅದು. ಅದನ್ನು ಹೊತ್ತು ತಂದ ವರ್ತಕನಿಲ್ಲ, ಅನುವಾದಕನಿಲ್ಲ, ನಡುವಿನ ಒಂದು ರೂಪವೂ ಇಲ್ಲ. ಮಣ್ಣಿಗೆ ಹೆಸರು ಸಾಲ ತರುವ ದರ್ದು ಯಾರಿಗೂ ಇರಲಿಲ್ಲ.

ಕೊನೆಗೆ ಪ್ರತಿ ಪದಕ್ಕೂ ಒಂದು ಚೀಟಿ. ಎಡದಲ್ಲಿ ಇಂಗ್ಲಿಷ್ ರೂಪ, ಆಮೇಲೆ ನಡುವಿನ ಒಂದೊಂದು ತಂಗುದಾಣ, ಅಲ್ಲಿನ ಅರ್ಥ, ಸಿಕ್ಕರೆ ಶತಮಾನ. ಬಲತುದಿಯಲ್ಲಿ ಅರಬ್ಬಿ ಧಾತು, ಅದರ ಕೆಳಗೆ ಕನ್ನಡದ ನಂಟ. ನಡುವೆ ಒಂದು ಕೊಂಡಿ ಸಿಗದಿದ್ದರೆ ಅಲ್ಲಿ ಪ್ರಶ್ನೆಚಿಹ್ನೆ. ‘ಹಜಾರ್ಡ್’ನ ಚೀಟಿಯಲ್ಲಿ ಅದಿದೆ: ಸ್ಪ್ಯಾನಿಷಿನ ‘ಅಸಾರ್’ ತನಕ ದಾರಿ ಒಪ್ಪುವಂಥದ್ದು, ಅದಕ್ಕೆ ಮೂಲವೆನ್ನುವ ‘ಅಜ್-ಜಹ್ರ್’ ದಾಳದ ಅರ್ಥದಲ್ಲಿ ಹಳೆಯ ಅರಬ್ಬಿ ಕೋಶಗಳಲ್ಲಿ ಕಾಣುವುದಿಲ್ಲ. ಅದನ್ನು ಯಾರಾದರೂ ಕೇಳಿದರೆ ‘ಇರಬಹುದು’ ಎನ್ನುತ್ತೇನೆಯೇ ಹೊರತು ‘ಹೌದು’ ಎನ್ನುವುದಿಲ್ಲ.