ಸೆಮಿಸ್ಟರ್ ಮುಗಿಯುವ ಮೊದಲೇ ವಿದ್ಯಾರ್ಥಿಗಳನ್ನು ಕೇಳಿ

ಸೆಮಿಸ್ಟರ್‌ನ ಕೊನೆಯ ವಾರ. ಪರೀಕ್ಷೆಯ ಗಡಿಬಿಡಿಯ ನಡುವೆ ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಗೂಗಲ್ ಫಾರ್ಮ್ ಬಂದು ಬೀಳುತ್ತದೆ. ಎಲ್ಲದಕ್ಕೂ ‘ಅತ್ಯುತ್ತಮ’ ಒತ್ತಿ ವಿದ್ಯಾರ್ಥಿಗಳು ಕೈತೊಳೆದುಕೊಳ್ಳುತ್ತಾರೆ, ಕಾಲೇಜಿನ ಆಂತರಿಕ ಗುಣಮಟ್ಟ ಖಾತರಿ ಕೋಶದ (ಐಕ್ಯೂಎಸಿ) ಕಡತಕ್ಕೆ ಬಣ್ಣದ ಗ್ರಾಫ್ ಸೇರುತ್ತದೆ. ನಮ್ಮ ಎಷ್ಟೋ ಪದವಿ ಕಾಲೇಜುಗಳಲ್ಲಿ ಅಭಿಪ್ರಾಯ ಸಂಗ್ರಹ ಇಷ್ಟಕ್ಕೇ ಮುಗಿಯುತ್ತದೆ. ಅರ್ಥವಾಗದ ಪಾಠದ ಬಗ್ಗೆ ಹೇಳಿಕೊಳ್ಳಲು ವಿದ್ಯಾರ್ಥಿಗೆ ಸಿಗುವ ಒಂದೇ ಅವಕಾಶ ಹೀಗೆ ಪೋಲಾಗಬಾರದು.

ಕಾಲೇಜುಗಳ ಗುಣಮಟ್ಟ ಅಳೆದು ಮಾನ್ಯತೆ ನೀಡುವ ರಾಷ್ಟ್ರೀಯ ಸಂಸ್ಥೆ ನ್ಯಾಕ್ 2017ರಲ್ಲಿ ಪರಿಷ್ಕರಿಸಿದ ಮೌಲ್ಯಾಂಕನ ಪದ್ಧತಿಯಲ್ಲಿ ವಿದ್ಯಾರ್ಥಿ ಸಂತೃಪ್ತಿ ಸಮೀಕ್ಷೆಯನ್ನು ಸೇರಿಸಿತು. ಆಯ್ಕೆಯ ಉತ್ತರಗಳಿರುವ 20 ಪ್ರಶ್ನೆಗಳು, ಕೊನೆಗೆ ಸಲಹೆ ಬರೆಯಲು ಒಂದು. ಅದು ಇಡೀ ಸಂಸ್ಥೆಯನ್ನು ನೋಡುವ ಸಮೀಕ್ಷೆ. ಅದೇ ನಮೂನೆಯನ್ನು ಪ್ರತಿ ವಿಷಯಕ್ಕೂ ಹಂಚಿದರೆ, ಮುಂದಿನ ಸೋಮವಾರ ತರಗತಿಯಲ್ಲಿ ಏನು ಬದಲಿಸಬೇಕು ಎಂಬುದು ಅಧ್ಯಾಪಕರಿಗೆ ತಿಳಿಯುವುದಿಲ್ಲ. ಅದಕ್ಕೆ ಬೇರೆಯೇ ಫಾರ್ಮ್ ಬೇಕು.

ಮೊದಲು ಸಮಯ ಗೊತ್ತುಮಾಡಿ. ಆರನೆಯ ಅಥವಾ ಏಳನೆಯ ವಾರ ಸೂಕ್ತ. ಮೊದಲ ಆಂತರಿಕ ಪರೀಕ್ಷೆಯ ಅಂಕ ಕೈಸೇರಿದ್ದರೆ ಇನ್ನೂ ಒಳ್ಳೆಯದು. ಬದಲಾದ ಪಾಠ ಕೇಳಲು ಅದೇ ವಿದ್ಯಾರ್ಥಿಗಳಿಗೆ ಇನ್ನೂ ವಾರಗಳಿರುತ್ತವೆ.

ಭಯ ತೆಗೆಯಿರಿ. ಇಡೀ ಕೆಲಸ ನಿಂತಿರುವುದು ಇದರ ಮೇಲೆಯೇ. ಆಂತರಿಕ ಅಂಕ ಅಧ್ಯಾಪಕರ ಕೈಯಲ್ಲಿರುವಾಗ ‘ಪಾಠ ಅರ್ಥವಾಗುತ್ತಿಲ್ಲ’ ಎಂದು ಬರೆಯಲು ಯಾರಿಗೆ ಧೈರ್ಯ ಬರುತ್ತದೆ? ಗೂಗಲ್ ಫಾರ್ಮ್ ಬಳಸುವುದಾದರೆ ಇಮೇಲ್ ವಿಳಾಸ ಸಂಗ್ರಹಿಸುವ ಆಯ್ಕೆಯನ್ನು ಆಫ್ ಮಾಡಿ. ‘ಒಬ್ಬರಿಗೆ ಒಂದೇ ಉತ್ತರ’ ಎಂಬ ನಿರ್ಬಂಧವೂ ಬೇಡ. ಅದನ್ನಿಟ್ಟರೆ ಫಾರ್ಮ್ ಲಾಗಿನ್ ಕೇಳುತ್ತದೆ, ಲಾಗಿನ್ ಕಂಡಕೂಡಲೇ ಮಕ್ಕಳು ಹಿಂಜರಿಯುತ್ತಾರೆ. ರೋಲ್ ನಂಬರನ್ನಂತೂ ಕೇಳಲೇಬೇಡಿ. ಲಿಂಕ್ ಕಳಿಸಿ ಸುಮ್ಮನಾಗುವ ಬದಲು ತರಗತಿಯಲ್ಲೇ ಹದಿನೈದು ನಿಮಿಷ ಕೊಟ್ಟು, ಬೇರೆ ವಿಭಾಗದವರೊಬ್ಬರನ್ನು ಕೂರಿಸಿ ನೀವು ಹೊರಗೆ ಹೋಗಿ. ಎಲ್ಲರೂ ಒಟ್ಟಿಗೆ ತುಂಬುವುದರಿಂದ ಯಾರು ಯಾವ ಹೊತ್ತಿಗೆ ಕಳಿಸಿದರು ಎಂಬುದರಿಂದಲೂ ಗುರುತು ಸಿಗದು. ಎಂಟು–ಹತ್ತು ಜನರ ಐಚ್ಛಿಕ ತರಗತಿಯಲ್ಲಿ ಕಾಗದ ಕೊಟ್ಟರೆ ಕೈಬರಹವೇ ಹೆಸರು ಹೇಳಿಬಿಡುತ್ತದೆ. ಅಲ್ಲಿ ಸಹೋದ್ಯೋಗಿಯೊಬ್ಬರು ಉತ್ತರಗಳನ್ನು ಓದಿ ಸಾರಾಂಶವನ್ನಷ್ಟೇ ನಿಮಗೆ ಕೊಡಲಿ.

ಪ್ರಶ್ನೆ ಕಡಿಮೆಯಿರಲಿ, ಖಚಿತವಾಗಿರಲಿ. ‘ಅಧ್ಯಾಪಕರು ಸಮಯಕ್ಕೆ ಬಂದು ಚೆನ್ನಾಗಿ ಪಾಠ ಮಾಡುತ್ತಾರೆಯೇ?’ ಇದರಲ್ಲಿ ಎರಡು ಪ್ರಶ್ನೆಗಳಿವೆ. ಸಮಯಕ್ಕೆ ಬಂದೂ ಪಾಠ ಅರ್ಥವಾಗದಿದ್ದರೆ ವಿದ್ಯಾರ್ಥಿ ಯಾವುದನ್ನು ಒತ್ತಬೇಕು? ವಿದ್ಯಾರ್ಥಿ ಕಣ್ಣಾರೆ ಕಂಡದ್ದನ್ನು ಮಾತ್ರ ಕೇಳಿ: ಪಾಠದ ವೇಗ ಹೆಚ್ಚೇ, ಕಡಿಮೆಯೇ? ಬೋರ್ಡಿನ ಮೇಲೆ ಬರೆದದ್ದು ಹಿಂದಿನ ಬೆಂಚಿಗೆ ಕಾಣುತ್ತದೆಯೇ? ಪರೀಕ್ಷೆಯಲ್ಲಿ ಎಲ್ಲಿ ತಪ್ಪಾಯಿತು ಎಂದು ತಿಳಿಸಿದರೇ? ಇಂಥ ಐದಾರು ಸಾಕು. ಜೊತೆಗೆ ಬರೆದು ಉತ್ತರಿಸುವ ಮೂರು ಪ್ರಶ್ನೆಗಳಿರಲಿ: ಕಲಿಯಲು ಯಾವುದು ನೆರವಾಗುತ್ತಿದೆ, ಯಾವುದು ಅಡ್ಡಿಯಾಗುತ್ತಿದೆ, ಯಾವ ಅಧ್ಯಾಯ ಇನ್ನೂ ಅರ್ಥವಾಗಿಲ್ಲ? ನನ್ನ ಮಟ್ಟಿಗೆ ಇಡೀ ಫಾರ್ಮ್‌ನಲ್ಲಿ ಅತ್ಯಂತ ಉಪಯುಕ್ತವಾದದ್ದು ಈ ಕೊನೆಯ ಪ್ರಶ್ನೆ. ಫಾರ್ಮ್ ಕನ್ನಡದಲ್ಲೂ ಇರಲಿ, ಉತ್ತರ ಯಾವ ಭಾಷೆಯಲ್ಲಾದರೂ ಬರಲಿ. ಕನ್ನಡ ಮಾಧ್ಯಮದಿಂದ ಬಂದ ಹುಡುಗಿ ಇಂಗ್ಲಿಷಿನಲ್ಲಿ ‘ಗುಡ್’ ಎಂದಷ್ಟೇ ಬರೆದು ಬಿಡುತ್ತಾಳೆ, ತನ್ನ ಮಾತಿನಲ್ಲಾದರೆ ಅರ್ಧ ಪುಟ ಬರೆಯುತ್ತಾಳೆ.

ಓದುವಾಗ ಸರಾಸರಿಯನ್ನೇ ನಂಬಬೇಡಿ. 60 ಜನರ ತರಗತಿಯಲ್ಲಿ ಐದಕ್ಕೆ ಸರಾಸರಿ ಮೂರು ಬಂತೆನ್ನಿ. ಎಲ್ಲರೂ ಮೂರು ಕೊಟ್ಟಿರಬಹುದು, ಇಲ್ಲವೇ 30 ಜನ ಐದು, 30 ಜನ ಒಂದು ಕೊಟ್ಟಿರಬಹುದು. ಎರಡನೆಯದಾದರೆ ಅರ್ಧ ತರಗತಿ ಹಿಂದೆ ಉಳಿದಿದೆ ಎಂದರ್ಥ. ಹಾಗಾಗಿ ಯಾವ ಅಂಕಕ್ಕೆ ಎಷ್ಟು ಜನ ಎಂದು ಎಣಿಸಿ. ಬರೆದ ಉತ್ತರಗಳನ್ನು ವೇಗ, ನೋಟ್ಸ್, ಲ್ಯಾಬ್, ಪರೀಕ್ಷೆ ಎಂದು ವಿಂಗಡಿಸಿ. ನೋಯಿಸುವ ಒಂದು ಸಾಲಿಗಿಂತ ಹತ್ತು ಜನ ಹೇಳಿದ ಸಾದಾ ಮಾತಿಗೆ ಹೆಚ್ಚು ಬೆಲೆ ಕೊಡಿ.

ಪ್ರಾಂಶುಪಾಲರಿಗೂ ಇಲ್ಲೊಂದು ಮಾತು ಹೇಳಬೇಕು. ಈ ಅಂಕಗಳನ್ನು ಹಿಡಿದು ಅತಿಥಿ ಉಪನ್ಯಾಸಕರ ಮುಂದಿನ ವರ್ಷದ ಕೆಲಸ ನಿರ್ಧರಿಸುವುದು ಅನ್ಯಾಯ. ಅಮೆರಿಕದ ಆನ್‌ಲೈನ್ ಕೋರ್ಸೊಂದರಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಬ್ಬ ಪುರುಷ, ಒಬ್ಬ ಮಹಿಳೆ, ಹೀಗೆ ಇಬ್ಬರು ಬೋಧಕರು ಒಂದು ಗುಂಪಿಗೆ ತಮ್ಮ ಹೆಸರಿನಲ್ಲಿ, ಇನ್ನೊಂದು ಗುಂಪಿಗೆ ಪರಸ್ಪರರ ಹೆಸರಿನಲ್ಲಿ ಪಾಠ ಮಾಡಿದರು. ನಿಜವಾಗಿ ಕಲಿಸಿದವರು ಯಾರೇ ಆಗಿರಲಿ, ಗಂಡು ಹೆಸರಿಗೆ ಹೆಚ್ಚು ಅಂಕ ಬಿತ್ತು. ಉತ್ತರಗಳನ್ನು ತಿದ್ದಿ ಒಂದೇ ಸಮಯಕ್ಕೆ ಹಿಂತಿರುಗಿಸಿದ್ದರೂ ‘ಬೇಗ ಕೊಟ್ಟರು’ ಎಂಬ ಶ್ರೇಯವೂ ಆ ಹೆಸರಿಗೇ ಹೋಯಿತು. ಅಧ್ಯಾಪಕರ ವಿಷಯಜ್ಞಾನವನ್ನು ಅಳೆಯುವ ಕೆಲಸವೂ ವಿದ್ಯಾರ್ಥಿಗಳದ್ದಲ್ಲ. ತರಗತಿಯಲ್ಲಿ ಕೂತು ಪಾಠ ಕೇಳಿದ ಹಿರಿಯ ಸಹೋದ್ಯೋಗಿ ಅದನ್ನು ಹೇಳಬೇಕು.

ಒಂದು ವಾರದೊಳಗೆ ತರಗತಿಗೆ ಉತ್ತರ ಕೊಡಿ. ಬಹುತೇಕರು ಬಿಟ್ಟುಬಿಡುವ ಹಂತ ಇದು. ಐದು ನಿಮಿಷ ಸಾಕು: ‘ವೇಗ ಹೆಚ್ಚಾಯಿತೆಂದು ಹಲವರು ಬರೆದಿದ್ದೀರಿ. ಮೂರನೇ ಘಟಕದ ಲೆಕ್ಕಗಳನ್ನು ಶುಕ್ರವಾರ ಮತ್ತೆ ಮಾಡೋಣ. ಸಿಲೆಬಸ್ ಕಡಿಮೆ ಮಾಡುವುದು ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿಯ ಕೆಲಸ, ನಿಮ್ಮ ಮಾತನ್ನು ಅಲ್ಲಿಗೆ ಬರೆದು ಕಳಿಸುತ್ತೇನೆ. ಲ್ಯಾಬಿನ ಕೆಟ್ಟ ಕಂಪ್ಯೂಟರುಗಳ ಪಟ್ಟಿ ಪ್ರಾಂಶುಪಾಲರಿಗೆ ಹೋಗಿದೆ.’ ಬದಲಿಸಲಾಗದ್ದನ್ನು ಕಾರಣ ಸಮೇತ ಹೇಳಿದರೂ ವಿದ್ಯಾರ್ಥಿಗಳು ಒಪ್ಪುತ್ತಾರೆ. ಮೌನವನ್ನು ಮಾತ್ರ ಒಪ್ಪುವುದಿಲ್ಲ, ಮುಂದಿನ ಸಲ ಮತ್ತೆ ‘ಅತ್ಯುತ್ತಮ’ ಒತ್ತುತ್ತಾರೆ.

ಐಕ್ಯೂಎಸಿಗೆ ಕಳಿಸುವ ವರದಿಯಲ್ಲಿ ಗ್ರಾಫ್‌ನ ಜೊತೆ ಏನು ಬದಲಾಯಿತು, ಯಾವ ದಿನಾಂಕದಿಂದ ಎಂಬುದನ್ನೂ ನಮೂದಿಸಿ. ಸೆಮಿಸ್ಟರ್ ಕೊನೆಯ ಫಾರ್ಮ್‌ಗೆ ಒಂದು ಪ್ರಶ್ನೆ ಸೇರಿಸಿ: ‘ಏಳನೇ ವಾರ ನೀವು ಹೇಳಿದ್ದರಲ್ಲಿ ಯಾವುದು ಸರಿಹೋಯಿತು, ಯಾವುದು ಹಾಗೆಯೇ ಉಳಿಯಿತು?’