ಸೆಕೆಂಡ್ ಹ್ಯಾಂಡ್ ಫೋಲ್ಡೋ, ಹೊಸ ಸಾದಾ ಫೋನೋ: ಒಳಗಿನ ಫಿಲ್ಮ್ ನಾನೇ ಬದಲಿಸಿದ ಅನುಭವ

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಬಜಾರ್ ಎಸ್.ಪಿ. ರೋಡಿನಲ್ಲಿ ಯಾರನ್ನು ಕೇಳಿದರೂ ಒಂದೇ ಮಾತು: ಸ್ಯಾಮ್‌ಸಂಗ್‌ನ ಪುಸ್ತಕದಂತೆ ಮಡಚುವ ಫೋನ್ ಫೋಲ್ಡ್‌ನ ಒಳಪರದೆಯ ಮೇಲಿನ ಫಿಲ್ಮ್ ಮುಟ್ಟಬೇಡಿ, ಕಾಂಬೋ (ಡಿಸ್‌ಪ್ಲೇ, ಟಚ್ ಸೇರಿದ ಇಡೀ ಪರದೆ) ಹೋಗುತ್ತದೆ. ಈ ಭಯ ಬಂದದ್ದು 2019ರ ಮೊದಲ ಗ್ಯಾಲಕ್ಸಿ ಫೋಲ್ಡ್‌ನಿಂದ. ವಿಮರ್ಶೆಗೆ ಕೊಟ್ಟ ಫೋನುಗಳಲ್ಲಿ ಮೇಲಿನ ಪದರವನ್ನು ಮಾಮೂಲಿ ಗಾರ್ಡ್ ಅಂದುಕೊಂಡು ಕೆಲವರು ಕಿತ್ತರು, ಡಿಸ್‌ಪ್ಲೇ ಸತ್ತಿತು, ಏಪ್ರಿಲ್‌ನಲ್ಲಿ ಬರಬೇಕಿದ್ದ ಫೋನ್ ಸೆಪ್ಟೆಂಬರ್‌ಗೆ ಹೋಯಿತು. ಆದರೆ ಅದರಲ್ಲಿ ಗಾಜೇ ಇರಲಿಲ್ಲ, ಆ ಪ್ಲಾಸ್ಟಿಕ್ ಡಿಸ್‌ಪ್ಲೇಯದೇ ಒಂದು ಪದರ. ತೆಳುಗಾಜು ಬಂದದ್ದು ಅಡ್ಡಕ್ಕೆ ಮಡಚುವ 2020ರ ಫ್ಲಿಪ್‌ನಿಂದ. ನಾನು ಕೈ ಹಾಕುವ ಫೋಲ್ಡ್ 3, 4, 5ರಲ್ಲಿ ಮೇಲಿನ ಫಿಲ್ಮ್ ಬೇರೆಯದೇ. ಸರ್ವಿಸ್ ಸೆಂಟರ್‌ನಲ್ಲೂ ಅದನ್ನು ಬದಲಿಸಿಕೊಡುತ್ತಾರೆ. ಮನೆಯಲ್ಲಿ ಮಾಡಿಕೊಳ್ಳಬೇಡಿ ಅನ್ನುತ್ತದೆ ಕಂಪನಿ. ವಾರಂಟಿ ಇದ್ದವರು ಆ ಮಾತು ಕೇಳಲಿ. ವಾರಂಟಿ ಮುಗಿದ ಸೆಕೆಂಡ್ ಹ್ಯಾಂಡ್ ಪೀಸ್ ಇಟ್ಟುಕೊಂಡವರಿಗೆ ಮುಂದಿನದು.

ಸಾದಾ ಫೋನೋ ಫೋಲ್ಡೋ ಅನ್ನುವುದನ್ನು ನಾನು ತೀರ್ಮಾನಿಸುವುದು ಕ್ಯಾಮೆರಾ ನೋಡಿ ಅಲ್ಲ, ಈ ಫಿಲ್ಮ್ ನೋಡಿ. 2022ರಲ್ಲಿ ಫೋಲ್ಡ್ 4 ಬಂದಾಗ ಬೆಲೆ 1,54,999 ರೂಪಾಯಿ. ನಾನು ಹುಡುಕುವಾಗ ಬಿಲ್, ಬಾಕ್ಸ್ ಸಮೇತ ಸಿಗುತ್ತಿದ್ದದ್ದು ನಲವತ್ತೈದು ಸಾವಿರದ ಆಚೀಚೆ. ಬೆಲೆ ಇಷ್ಟು ಇಳಿಯಲು ದೊಡ್ಡ ಕಾರಣ ಒಳಗಿನ ಕಾಂಬೋ. ಅದಕ್ಕೆ ಕೇಳಿದಲ್ಲೆಲ್ಲ ಮೂವತ್ತೈದರಿಂದ ಐವತ್ತು ಸಾವಿರ ಹೇಳಿದ್ದಾರೆ. ಮಡಿಕೆಯ ಮೇಲೆ ಫಿಲ್ಮ್ ಎದ್ದು ಬಿಳಿ ಗೆರೆ ಕಂಡ ಕೂಡಲೇ ಡಿಸ್‌ಪ್ಲೇ ಹೋಗುತ್ತಿದೆ ಎಂದು ಹೆದರಿ ಮಾರುವವರು ಬಹಳ. ಲಾಭ ಇರುವುದು ಅಲ್ಲೇ. ಎಷ್ಟು ಚೌಕಾಸಿ ಮಾಡಬಹುದು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ನಾಳೆಯಿಂದ ನನಗೇ ಸಿಗುವುದಿಲ್ಲ.

ಎದ್ದಿರುವುದು ಫಿಲ್ಮೋ ಡಿಸ್‌ಪ್ಲೇಯೋ ಎಂದು ಮೊದಲು ಗೊತ್ತಾಗಬೇಕು. ಪರದೆ ಆರಿಸಿ, ಟಾರ್ಚನ್ನು ಬದಿಯಿಂದ ಓರೆಯಾಗಿ ಹಿಡಿಯಿರಿ. ಗುಳ್ಳೆ ಬೆರಳಿನಿಂದ ಒತ್ತಿದಾಗ ಸರಿದಾಡಿದರೆ ಅದು ಫಿಲ್ಮ್‌ನದು. ಸರಿಯದೆ, ಬೆಳಕಿನಲ್ಲಿ ಕೂದಲೆಳೆಯಂಥ ಗೆರೆ ಹೊಳೆದರೆ ಗಾಜು ಬಿರುಕು ಬಿಟ್ಟಿದೆ, ವಾಪಸ್ ಕೊಟ್ಟು ನಡೆಯಿರಿ. ಆಮೇಲೆ ಡಯಲರ್‌ನಲ್ಲಿ *#0*# ಒತ್ತಿ ಕೆಂಪು, ಹಸಿರು, ನೀಲಿ ಪರದೆಗಳನ್ನು ನೋಡುವಾಗ ಫೋನನ್ನು ನಿಧಾನವಾಗಿ ಅರ್ಧ ಮಡಚಿ ಬಿಚ್ಚಿ. ಗೆರೆ ಒಂದು ಕೋನದಲ್ಲಿ ಬಂದು ಇನ್ನೊಂದರಲ್ಲಿ ಮಾಯವಾದರೆ ಒಳಗಿನ ಬಳುಕುವ ತಂತಿಪಟ್ಟಿ (ಫ್ಲೆಕ್ಸ್ ಕೇಬಲ್) ಸೋತಿದೆ. ಅದೇ ಮೆನುವಿನ ಟಚ್ ಪರೀಕ್ಷೆಯಲ್ಲಿ ಮಡಿಕೆಯ ಉದ್ದಕ್ಕೂ ಬೆರಳೆಳೆಯಿರಿ. ತೊಂಬತ್ತು ಡಿಗ್ರಿಯಲ್ಲಿ ನಿಲ್ಲಿಸಿದರೆ ಹಿಂಜ್ (ಮಡಚುವ ಕೀಲು) ತಾನಾಗಿ ಜಾರಬಾರದು, ಕ್ಯಾಮೆರಾದ ಚಿತ್ರ ಮೇಲಿನ ಅರ್ಧಕ್ಕೆ ಸರಿಯಬೇಕು. ಸರಿಯದಿದ್ದರೆ ಕೋನದ ಸೆನ್ಸರ್ ಕೆಟ್ಟಿರಬಹುದು. ಚಾರ್ಜರ್ ಹಾಕಿಕೊಂಡೇ ಮಡಚಿ ಬಿಚ್ಚಿ ನೋಡುವುದನ್ನು ಹೆಚ್ಚಿನವರು ಬಿಡುತ್ತಾರೆ. ಬ್ಯಾಟರಿ ಎರಡು ಭಾಗದಲ್ಲೂ ಒಂದೊಂದು, ಎರಡೂ ಸೇರಿ 4400 ಎಂಎಎಚ್, ನಡುವೆ ಓಡುವುದು ಫ್ಲೆಕ್ಸ್. ಕೊನೆಗೆ *#06# ಒತ್ತಿ ಐಎಂಇಐ (ಫೋನಿನ ಗುರುತಿನ ನಂಬರ್) ತೆಗೆದು, ಕೆವೈಎಂ (KYM) ಎಂದು ಇಂಗ್ಲಿಷ್‌ನಲ್ಲಿ ಬರೆದು, ಜಾಗ ಬಿಟ್ಟು ಆ ನಂಬರ್ ಹಾಕಿ 14422ಕ್ಕೆ ಎಸ್‌ಎಂಎಸ್ ಕಳಿಸಿ. ಕಳುವಿನ ಮಾಲು ಎಂದು ಬ್ಲಾಕ್ ಆಗಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಈಗ ಕೀಳುವ ಕೆಲಸ. ಫೋನ್ ಆಫ್ ಮಾಡಿ ಪೂರ್ತಿ ಬಿಚ್ಚಿ ಸಮತಟ್ಟಾಗಿ ಇಡಿ. ಹೀಟ್ ಗನ್ ಬೇಡ, ಕೂದಲು ಒಣಗಿಸುವ ಡ್ರೈಯರ್ ಸಾಕು. ಗೇಣು ದೂರದಿಂದ, ಕೈ ಇಟ್ಟರೆ ಹಿತವಾಗಿ ಬಿಸಿ ಅನ್ನಿಸುವಷ್ಟು, ನಲವತ್ತೈದು ಡಿಗ್ರಿ ಸುಮಾರು. ಮೂಲೆ ಎಬ್ಬಿಸಲು ಬ್ಲೇಡು, ಟ್ವೀಜರ್ ತುದಿ ಯಾವುದೂ ಸಲ್ಲ. ಟೇಪನ್ನು ಮೂಲೆಗೆ ಅಂಟಿಸಿ ಎಬ್ಬಿಸಿ, ಇಲ್ಲವೇ ತೆಳು ಪ್ಲಾಸ್ಟಿಕ್ ಕಾರ್ಡ್. ಎಳೆಯುವಾಗ ಮೇಲಕ್ಕೆ ಎತ್ತಬಾರದು. ಫಿಲ್ಮನ್ನು ಅದರ ಮೇಲೆಯೇ ಮಗುಚಿ ಪರದೆಗೆ ಒರಗಿಸಿಕೊಂಡು ಹಿಂದಕ್ಕೆ ಎಳೆಯಬೇಕು. ಕಾರಣ ಇದೆ: ಎರಡು ಬದಿಗಳಲ್ಲಿ ಡಿಸ್‌ಪ್ಲೇ ಕೆಳಗಿನ ತಟ್ಟೆಗೆ ಅಂಟಿರುತ್ತದೆ, ಮಡಿಕೆಯ ಪಟ್ಟಿಯಲ್ಲಿ ಆ ಆಸರೆ ಇಲ್ಲ. ಅಲ್ಲಿ ಮೇಲಕ್ಕೆ ಎತ್ತಿದರೆ ಫಿಲ್ಮ್ ಜೊತೆ ಡಿಸ್‌ಪ್ಲೇಯೂ ಏಳುತ್ತದೆ, ತೆಳುಗಾಜು ಚಟ್ ಅನ್ನುತ್ತದೆ. ಆದ್ದರಿಂದ ಒಂದು ಬದಿಯ ಅಂಚಿನಿಂದ ಮಡಿಕೆಯ ತನಕ ಬಂದು ನಿಲ್ಲಿಸುತ್ತೇನೆ, ಇನ್ನೊಂದು ಬದಿಯಿಂದಲೂ ಹಾಗೆಯೇ. ಉಳಿದ ನಡುವಿನ ಪಟ್ಟಿಯನ್ನು ಮತ್ತೊಮ್ಮೆ ಬಿಸಿ ಮಾಡಿ, ಮಡಿಕೆಯ ಉದ್ದಕ್ಕೆ ಮೇಲಿನಿಂದ ಕೆಳಕ್ಕೆ ತೆಗೆಯುತ್ತೇನೆ. ಹಳೇ ಫಿಲ್ಮ್ ಮಡಿಕೆಯಲ್ಲೇ ಸೀಳಿದ್ದರೆ ಇದು ಇನ್ನೂ ಸುಲಭ.

ಉಳಿದ ಗಮ್ಮನ್ನು ಬೆರಳಿನಿಂದ ಉರುಳಿಸಿ ತೆಗೆಯಿರಿ. ಐಪಿಎ (ಒರೆಸುವ ಆಲ್ಕೋಹಾಲ್) ಬೇಕೇ ಬೇಕಾದರೆ ಬಟ್ಟೆಗೆ ಎರಡು ಹನಿ, ಪರದೆಗೆ ನೇರ ಬೇಡ. ಡಿಸ್‌ಪ್ಲೇಗೂ ಸುತ್ತಲಿನ ಪ್ಲಾಸ್ಟಿಕ್ ಅಂಚಿಗೂ ನಡುವೆ ಸಂದಿ ಇದೆ, ದ್ರವ ಅಲ್ಲಿ ಇಳಿದರೆ ಅಂಚಿನಲ್ಲಿ ಕಪ್ಪು ಮಚ್ಚೆ ಹುಟ್ಟಿ ಹರಡುತ್ತದೆ. ಸ್ಪ್ರೇ ಹೊಡೆದು ಒದ್ದೆ ಅಂಟಿಸುವುದು ಸಾದಾ ಫೋನಿಗೆ ಚೆಂದ, ಇಲ್ಲಿ ಬೇಡವೇ ಬೇಡ.

ಹೆಚ್ಚು ದುಡ್ಡು ಕರಗಿದ್ದು ಹೊಸ ಫಿಲ್ಮ್ ಆಯ್ಕೆಯಲ್ಲಿ. ಗಟ್ಟಿ ಪ್ಲಾಸ್ಟಿಕ್‌ನ ಪಿಇಟಿ ಫಿಲ್ಮ್ ಮೊದಲ ವಾರ ಗಾಜಿನಂತೆ ನುಣುಪು, ತಿಂಗಳೊಳಗೆ ಮಡಿಕೆಯಲ್ಲಿ ಬಿಳಿ ಗೆರೆ. ನೂರೈವತ್ತು ರೂಪಾಯಿಯ ಮೆತ್ತನೆಯ ಹೈಡ್ರೋಜೆಲ್ ಫಿಲ್ಮ್ ಒಂದೇ ವಾರಕ್ಕೆ ಅಂಚಿನಲ್ಲಿ ಧೂಳು ಹೀರಿ ಕಪ್ಪು ಚೌಕಟ್ಟು ಕಟ್ಟಿಕೊಂಡಿತು. ದಪ್ಪ ಟಿಪಿಯು (ರಬ್ಬರಿನಂತೆ ಬಳುಕುವ ಪ್ಲಾಸ್ಟಿಕ್) ಹಾಕಿದರೆ ಫೋನ್ ಮುಚ್ಚುವಾಗ ಎರಡು ಪದರ ಒಂದಕ್ಕೊಂದು ತಾಗಿ ಅಂಟುತ್ತವೆ, ಬಿಚ್ಚುವಾಗ ಅದೇ ಫಿಲ್ಮನ್ನು ಎಬ್ಬಿಸುತ್ತದೆ. ನಿಂತಿದ್ದು ತೆಳು ಟಿಪಿಯು, 0.15 ಮಿಲಿಮೀಟರ್ ಮೀರದ್ದು, ಒಂದಕ್ಕೆ ಐನೂರು ಆರುನೂರರ ಆಸುಪಾಸು. ಪರದೆಯ ಮೇಲೆ ಬರೆಯುವ ಎಸ್ ಪೆನ್ ಒತ್ತಿದ ಗುರುತು ಅದರಲ್ಲಿ ಬೀಳುತ್ತದೆ, ಮರುದಿನಕ್ಕೆ ಬಹುಪಾಲು ಮಾಯ. ಯಾವ ಕಂಪನಿಯದು ಎಂದು ಕೇಳಬೇಡಿ.

ಅಂಟಿಸುವಾಗ ಗಾಳಿಯ ಧೂಳು ಕೂರಲೆಂದು ಬಚ್ಚಲುಮನೆಯಲ್ಲಿ ಬಿಸಿನೀರು ಬಿಟ್ಟು, ಹಬೆ ಇಳಿದ ಮೇಲೆ, ಫ್ಯಾನ್ ಇಲ್ಲದೆ ಕೂರುವುದು ಗೊತ್ತಿದ್ದದ್ದೇ. ಫಿಲ್ಮನ್ನು ಎಳೆದು ಅಂಟಿಸುವುದು ಮಾತ್ರ ಕೆಲಸ ಕೆಡಿಸುತ್ತದೆ. ಎಳೆದದ್ದು ಕುಗ್ಗುತ್ತದೆ, ಕುಗ್ಗಿದ್ದು ಮಡಿಕೆಯ ತಗ್ಗಿನಿಂದ ಮೇಲೆದ್ದು ಡೇರೆಯಂತೆ ನಿಲ್ಲುತ್ತದೆ. ಹಾಗೆಂದು ತೀರಾ ಸಡಿಲ ಬಿಟ್ಟರೆ ಮುಚ್ಚಿದಾಗ ಒಳಬದಿ ಸುಕ್ಕಾಗುತ್ತದೆ. ಎರಡರ ನಡುವೆ ಹದ ಸಿಗಲು ಮಡಿಕೆಯ ಭಾಗ ಅಂಟಿಸುವಾಗ ಫೋನನ್ನು ಒಂದಿಷ್ಟು ಬಾಗಿಸಿ ಹಿಡಿಯುತ್ತೇನೆ. ಎಷ್ಟು ಡಿಗ್ರಿ ಅನ್ನುವುದು ನನ್ನ ಹತ್ತಿರವೇ ಇರಲಿ, ಎರಡು ಫಿಲ್ಮ್ ಹಾಳು ಮಾಡಿದರೆ ನಿಮಗೂ ಸಿಗುತ್ತದೆ. ಅಂಟಿಸಿ ಒಂದು ರಾತ್ರಿ ಬಿಚ್ಚಿಯೇ ಇಡಿ. ಸಣ್ಣ ಗುಳ್ಳೆ ಎರಡು ದಿನದಲ್ಲಿ ಹೋಗುತ್ತವೆ, ಧೂಳಿನ ಚುಕ್ಕೆ ಹೋಗುವುದಿಲ್ಲ. ಹೀಗೆ ಹಾಕಿದ ಫಿಲ್ಮ್ ಮಳೆಗಾಲ, ಬೇಸಿಗೆ ಎರಡನ್ನೂ ದಾಟಿ ಇನ್ನೂ ಕೂತಿದೆ. ಕಾಂಬೋ ಹೋಗುತ್ತದೆ ಎಂದಿದ್ದ ಒಬ್ಬರು ಈಗ ತಮ್ಮ ಗಿರಾಕಿಯ ಫೋನ್ ಕಳಿಸುತ್ತಾರೆ.

ನಡುವೆ ಒಂದು ಪ್ರಯೋಗ. ಗುಜರಿಯಲ್ಲಿ ಸಿಕ್ಕ, ಬೋರ್ಡ್ ಸತ್ತ ಹಳೇ ಫೋಲ್ಡ್‌ನ ಹಿಂಜ್ ಮೇಲೆ ರಂಗೋಲಿ ಪುಡಿ ಉದುರಿಸಿ ಮಡಚಿ ಬಿಚ್ಚಿದೆ. ಹತ್ತಿಪ್ಪತ್ತು ಸಲಕ್ಕೇ ಕರಕರ. ಫೋಲ್ಡ್ 3ರಿಂದ 5ರವರೆಗೆ ಐಪಿಎಕ್ಸ್8, ಅಂದರೆ ನೀರು ತಡೆಯುವುದಕ್ಕೆ 8, ಧೂಳಿಗೆ ಅಂಕವೇ ಇಲ್ಲ. 2024ರ ಫೋಲ್ಡ್ 6ಕ್ಕೆ ಐಪಿ48 ಬಂತು, ಅದರ 4 ಒಂದು ಮಿಲಿಮೀಟರ್‌ಗಿಂತ ದೊಡ್ಡ ಕಣವನ್ನು ತಡೆಯುವುದಕ್ಕೆ ಮಾತ್ರ. ಬೆಂಗಳೂರಿನ ರಸ್ತೆ ಧೂಳು ಅದಕ್ಕಿಂತ ಎಷ್ಟೋ ನಯ. ಕಟ್ಟಡದ ಕೆಲಸದವರು, ಗಾಡಿಯ ಹ್ಯಾಂಡಲ್‌ಗೆ ಫೋನ್ ಸಿಕ್ಕಿಸಿ ಮ್ಯಾಪ್ ನೋಡುತ್ತಾ ಓಡಾಡುವವರು ಫೋಲ್ಡ್ ಆಸೆ ಬಿಡಿ. ಹೋಲ್ಡರ್‌ನ ಹಿಡಿತ ಹಿಂಜನ್ನೇ ಒತ್ತುತ್ತದೆ.

ದೊಡ್ಡ ಪರದೆಯಲ್ಲಿ ಸಿನಿಮಾ ನೋಡಲೆಂದು ಫೋಲ್ಡ್ ಕೇಳುವವರಿಗೂ ನಾನು ಬೇಡ ಅನ್ನುತ್ತೇನೆ. ಲೆಕ್ಕ ಹಾಕಿ: ಫೋಲ್ಡ್ 4ರ 7.6 ಇಂಚಿನ ಪರದೆ ಹೆಚ್ಚುಕಡಿಮೆ ಚೌಕ, ಮಾಮೂಲಿ ಅಗಲದ ವೀಡಿಯೊ ಅದರಲ್ಲಿ ಕೂರುವುದು 14.8 ಸೆಂಟಿಮೀಟರ್ ಅಗಲಕ್ಕೆ. 6.8 ಇಂಚಿನ ಸಾದಾ ಫೋನಿನಲ್ಲಿ 13. ಫೋಲ್ಡ್‌ನಲ್ಲಿ ಉಳಿದದ್ದು ಮೇಲೆ ಕೆಳಗೆ ಕಪ್ಪು ಪಟ್ಟಿ. ಅದಕ್ಕೆ 263 ಗ್ರಾಂ ಹೊರಬೇಕೆ? ಆದರೆ ಪಹಣಿ, ಕ್ರಯಪತ್ರ, ಪತ್ರಿಕೆಯ ಇ-ಪೇಪರ್ ಓದುವವರಿಗೆ ಪೂರ್ತಿ ಪರದೆ ಒದಗುತ್ತದೆ. ವಿಸ್ತೀರ್ಣ ಸಾದಾ ಫೋನಿಗಿಂತ ಒಂದೂವರೆ ಪಟ್ಟಿಗೂ ಮಿಗಿಲು, ಒತ್ತಕ್ಷರ ಹಿಗ್ಗಿಸದೆಯೇ ಕಾಣುತ್ತವೆ. ಎಕ್ಸೆಲ್ ಹಾಳೆಗೂ ಅದೇ ಮಾತು.

ಫ್ಲಿಪ್‌ಗೂ ಇದೇ ವಿಧಾನ, ಆದರೆ ಮಡಿಕೆ ಅಡ್ಡಕ್ಕೆ, ಸ್ಕ್ರಾಲ್ ಮಾಡುವ ಬೆರಳು ಪ್ರತಿ ಸಲ ಅದನ್ನು ದಾಟುತ್ತದೆ. ಫಿಲ್ಮ್ ಬೇಗ ಏಳುತ್ತದೆ.

ದುಡ್ಡಿನ ಲೆಕ್ಕ ಇಷ್ಟು: ನಲವತ್ತೈದಕ್ಕೆ ಫೋನ್, ವರ್ಷಕ್ಕೆ ಎರಡು ಫಿಲ್ಮ್ ಅಂದರೆ ಸಾವಿರದ ಇನ್ನೂರು, ಎರಡೂ ಬ್ಯಾಟರಿಗೆ ಒಮ್ಮೆ ಐದಾರು ಸಾವಿರ, ಯಾಕೆಂದರೆ ಹಿಂದಿನ ಗಾಜು, ಹೊರಗಿನ ಪರದೆ ಎರಡನ್ನೂ ಬಿಚ್ಚಬೇಕು. ತಿಂಗಳಿಗೆ ಒಂದು ಸಾವಿರ ಕಾಂಬೋ ಹೆಸರಿನಲ್ಲಿ ಪಕ್ಕಕ್ಕೆ. ಈ ಸಾವಿರ ತೆಗೆದಿಡಲು ಆಗದವರು ಅದೇ ನಲವತ್ತೈದಕ್ಕೆ ಹೊಸ ಸಾದಾ ಫೋನ್ ತೆಗೆದುಕೊಳ್ಳಿ, ಗಾಜು ಒಡೆದರೂ ಹತ್ತು ಹದಿನೈದರಲ್ಲಿ ಮುಗಿಯುತ್ತದೆ. ಫೋಲ್ಡ್ ಮಾರುವಾಗ ಹೊಸ ಫಿಲ್ಮನ್ನು ಅದೇ ದಿನ ಹಾಕಿ ತೋರಿಸಬೇಡಿ, ಗುಳ್ಳೆ ಕಂಡು ಗಿರಾಕಿ ಬೆಲೆ ಇಳಿಸುತ್ತಾನೆ. ಒಂದು ವಾರ ಮೊದಲೇ ಹಾಕಿಡಿ.